ಅಗಲ ಬೆನ್ನಿನ ಕುದುರೆ, ತಾತನ ಜೀನು

ಕರಿಗುಡ್ಡದ ಪಾಳೆಯಗಾರ ಕೆಂಚಪ್ಪನಾಯಕರಿಗೆ ಒಂದು ಜಂಬವಿತ್ತು. ತಮ್ಮ ತಾತನ ಕಾಲದ ಜೀನಿಗೆ ಹೊಂದದ ಕುದುರೆ ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಬೆಳ್ಳಿಯ ಹೂ ಕೂಡಿಸಿದ ಜೀನು ಅದು. ತಾತನ ಕುದುರೆಗಳು ಬಡಕಲಾಗಿದ್ದವು, ಅದಕ್ಕೆ ತಕ್ಕಂತೆ ಜೀನೂ ಇಕ್ಕಟ್ಟು.

ಆ ವರ್ಷ ರಾಣಿಯವರ ತವರಿನಿಂದ ಒಂದು ಹೆಣ್ಣುಕುದುರೆ ಉಡುಗೊರೆಯಾಗಿ ಬಂತು. ಅದರ ಬೆನ್ನು ಎಷ್ಟು ಅಗಲವೆಂದರೆ ಮೇಲೆ ಹಾಸು ಬಿಡಿಸಿ ಪಗಡೆಯಾಡಬಹುದಿತ್ತು. ನಾಯಕರು ಅದಕ್ಕೂ ತಾತನ ಜೀನನ್ನೇ ಬಿಗಿಸಿದರು. ಕುಂಬಳಕಾಯಿಗೆ ಇಕ್ಕಳ ಹಾಕಿದ ಹಾಗೆ ಕೂತಿತು.

ಕುರುಡನೂ ಕೈಯಾಡಿಸಿ ಹೇಳಬಹುದಿತ್ತು, ಇದು ಕೂಡುವ ಮಾತಲ್ಲ ಎಂದು. ಆದರೆ ಹೇಗಿದೆ ಎಂದು ಕೇಳಿದವರು ನಾಯಕರು. ದಳವಾಯಿ ಭುಜಂಗಯ್ಯ ಹೇಳಿ ಮಾಡಿಸಿದ ಹಾಗಿದೆ ಎಂದ. ಆಸ್ಥಾನದ ಜೋಯಿಸರು ಇಂಥ ಜೋಡಿ ದೇವಲೋಕದಲ್ಲೂ ಸಿಗದು ಎಂದರು. ಉಳಿದವರು ತಲೆದೂಗಿದರು. ಓಲೆ ಓದಿ ಹೇಳುವ ಮಲ್ಲರಸ ತಲೆದೂಗಲಿಲ್ಲ. ಬಾಯನ್ನೂ ಬಿಡಲಿಲ್ಲ.

ನಾಯಕರು ಹತ್ತಿದರು. ಕೋಟೆಯ ಬಾಗಿಲು ದಾಟುವ ಮೊದಲೇ ಇಳಿದರು, ಅದೂ ತಲೆ ಕೆಳಗಾಗಿ. ಮಾರನೆಯ ದಿನವೂ ಹಾಗೇ ಆಯಿತು. ಆಮೇಲೊಂದು ದಿನ ಸಂತೆಯ ಜನರ ಎದುರಿಗೇ ಬಿದ್ದರು, ಒಣಮೆಣಸಿನಕಾಯಿ ರಾಶಿಯೊಳಕ್ಕೆ. ಕೆಮ್ಮುತ್ತ, ಸೀನುತ್ತ, ಸೊಂಟ ಹಿಡಿದುಕೊಂಡು ಅರಮನೆಗೆ ಬಂದವರು ಇದು ಯಾರ ತಪ್ಪು ಎಂದು ಗುಡುಗಿದರು.

ದಳವಾಯಿ ತಡಮಾಡಲಿಲ್ಲ. ಲಾಯದ ಆಳು ಇಮಾಮಸಾಬಿ ಜೀನಿನ ಹೊಟ್ಟೆಪಟ್ಟಿ ಸಡಿಲ ಬಿಟ್ಟಿದ್ದಾನೆ ಎಂದ. ಚಾಟಿಯೇಟು ಹಾಕಿ, ಮನೆಮಂದಿ ಸಮೇತ ಸೀಮೆಯಿಂದ ಆಚೆಗೆ ಅಟ್ಟಬೇಕೆಂದು ಅಪ್ಪಣೆಯಾಯಿತು.

ಮಲ್ಲರಸ ಲಾಯಕ್ಕೆ ಹೋಗಿ ನೋಡಿದ. ಕೈ ಕಟ್ಟಿಸಿಕೊಂಡಿದ್ದ ಇಮಾಮಸಾಬಿ ತನ್ನ ಗೋಳು ಹೇಳಲಿಲ್ಲ. "ಬುದ್ಧೀ, ಅದರ ಬೆನ್ನಿಗೆ ಒಂದಿಷ್ಟು ಎಣ್ಣೆ ಹಚ್ಚೋಕೆ ಯಾರಿಗಾದರೂ ಹೇಳಿ" ಎಂದ. ಕುದುರೆಯ ಬೆನ್ನಿನ ಎರಡೂ ಬದಿ ಕೆಂಪಗೆ ಸುಲಿದಿತ್ತು. ಅಂದು ಮುಚ್ಚಿಕೊಂಡಿದ್ದ ಬಾಯಿ ಮಲ್ಲರಸನಿಗೆ ಈಗ ಕಹಿಯಾಯಿತು.

ನೇರವಾಗಿ ನಾಯಕರ ಬಳಿಗೆ ಹೋಗಿ, ನಿಜವಾದ ತಪ್ಪು ಎಲ್ಲಿದೆಯೆಂದು ನಾಳೆ ತೋರಿಸುತ್ತೇನೆ, ಅಲ್ಲಿಯ ತನಕ ಚಾಟಿ ಎತ್ತಿಸಬೇಡಿ ಎಂದು ಬೇಡಿಕೊಂಡ.

ನಾಯಕರು ಮೀಸೆ ತಿರುವಿದರು. "ತೋರಿಸು. ಆದರೆ ಕುದುರೆಯನ್ನು ದೂರಬೇಡ, ಅದು ರಾಣಿಯ ತವರಿನದು. ಜೀನನ್ನು ದೂರಬೇಡ, ಅದು ನಮ್ಮ ತಾತನದು. ಹತ್ತಿದವನನ್ನು ದೂರಬೇಡ, ಅವನು ನಾನು. ಈ ಮೂರರಲ್ಲಿ ಒಂದನ್ನು ದೂರಿದರೂ ಇಮಾಮನ ಜೊತೆ ನೀನೂ ಹೊರಡು."

ಮಲ್ಲರಸ ಕೈಮುಗಿದು ಒಪ್ಪಿಕೊಂಡ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಮರುದಿನ ಕೋಟೆಯ ಬಯಲಿನಲ್ಲಿ ಸಭೆ ಸೇರಿತು. ಕುದುರೆಯೂ ಜೀನೂ ಅಲ್ಲೇ ಇದ್ದವು. ಮಲ್ಲರಸ ದೊಡ್ಡ ದನಿಯಲ್ಲಿ ಎರಡನ್ನೂ ಹೊಗಳಿದ. ಇಂಥ ಕುದುರೆಯನ್ನೂ ಇಂಥ ಜೀನನ್ನೂ ಕೂಡಿಸುವುದು ಸಾಮಾನ್ಯರ ಕೆಲಸವಲ್ಲ, ಈ ಸಂಬಂಧ ಕೂಡುತ್ತದೆಂದು ಮೊದಲು ಕಂಡುಕೊಂಡ ಪುಣ್ಯಾತ್ಮರು ಯಾರೋ, ಅವರಿಗೆ ಇಂದು ಮರ್ಯಾದೆ ಆಗಬೇಕು ಎಂದ.

ದಳವಾಯಿ ಎದೆ ಮುಂದೆ ಮಾಡಿ, ಮೊದಲು ಹೇಳಿದವನು ತಾನೇ ಎಂದ. ಜೋಯಿಸರು ಶಾಲು ಸರಿಮಾಡಿಕೊಂಡು ತಾವೂ ಜೊತೆಗೇ ಹೇಳಿದ್ದನ್ನು ನೆನಪಿಸಿದರು. ಹಿಂದಿನ ಸಾಲಿನವರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು.

"ಬಹಳ ಸಂತೋಷ" ಎಂದ ಮಲ್ಲರಸ. "ಸಂಬಂಧ ಕೂಡಿಸಿದವರು ದಿಬ್ಬಣದ ಮುಂದೆ ಇರುವುದು ಪದ್ಧತಿ. ದಳವಾಯಿಗಳು ಮೊದಲು ಹತ್ತಿ ಕೋಟೆಗೆ ಒಂದು ಸುತ್ತು ಬರಲಿ. ಆಮೇಲೆ ಜೋಯಿಸರು. ಉಳಿದವರು ಸಾಲಾಗಿ ಬರಲಿ."

ಹಿಂದಿನ ಸಾಲು ತನ್ನ ಜಾಗಕ್ಕೆ ವಾಪಸಾಯಿತು. ಜೋಯಿಸರು ಇಂದು ತಮಗೆ ವಾಹನ ಆಗಿಬರುವುದಿಲ್ಲವೆಂದು ಬೆರಳೆಣಿಸಿ ತಿಳಿಸಿದರು. ಉಳಿದವನು ದಳವಾಯಿ. ಆಳುಗಳು ಜೀನು ಬಿಗಿದರು, ಕುದುರೆ ಹಲ್ಲು ಕಿರಿಯಿತು. ದಳವಾಯಿ ಹತ್ತಿರ ಹೋಗಿ ನೋಡಿದ, ಕೈಯಿಟ್ಟು ನೋಡಿದ, ಕೊನೆಗೆ ನಾಯಕರ ಕಡೆ ತಿರುಗಿ ಹೇಳಿದ.

"ಪ್ರಭುಗಳು ಕ್ಷಮಿಸಬೇಕು. ಈ ಬೆನ್ನಿಗೆ ಈ ಜೀನು ಸ್ವಲ್ಪ ಇಕ್ಕಟ್ಟು."

ಮಲ್ಲರಸ ಮೆಲ್ಲಗೆ ನುಡಿದ. "ಪ್ರಭು, ನಾನು ಯಾರನ್ನೂ ದೂರಲಿಲ್ಲ. ವಧು ಒಳ್ಳೆಯ ಮನೆತನದವಳು, ವರನೂ ಒಳ್ಳೆಯ ಮನೆತನದವನು. ಜಾತಕ ಕೂಡಲಿಲ್ಲ, ಅಷ್ಟೇ. ಕೂಡದ್ದು ಕಣ್ಣಿಗೆ ಕಾಣಬೇಕಾದರೆ ಹೊಗಳಿದವರೇ ಹತ್ತುವ ಹೊತ್ತು ಬರಬೇಕು ನೋಡಿ."

ನಾಯಕರ ಮುಖ ಕೆಂಪೇರಿತು. ದಳವಾಯಿಯನ್ನು ನೋಡಿದರು, ಜೀನನ್ನು ನೋಡಿದರು. ಇಮಾಮನ ಕಟ್ಟು ಬಿಚ್ಚಿಸಿ ಎಂದರು. ಜೀನಗಾರನನ್ನು ಕರೆಸಿ ಈ ಬೆನ್ನಿನ ಅಳತೆಗೇ ಅಗಲವಾದ ಹೊಸ ಜೀನು ಮಾಡಿಸಿ, ತಾತನದು ಆಯುಧಗಳ ಜೊತೆ ಪೂಜೆಗಿರಲಿ ಎಂದರು. ದಳವಾಯಿಯೂ ಜೋಯಿಸರೂ ಹುಣ್ಣು ಮಾಯುವ ತನಕ ದಿನಾ ಲಾಯಕ್ಕೆ ಹೋಗಿ ಕುದುರೆಯ ಬೆನ್ನಿಗೆ ಎಣ್ಣೆ ಹಚ್ಚಬೇಕೆಂದು ಅಪ್ಪಣೆ ಕೊಟ್ಟರು.

ಅಷ್ಟಾದ ಮೇಲೆ ಮಲ್ಲರಸನ ಕಡೆ ಓರೆಗಣ್ಣಿನಿಂದ ನೋಡಿದರು.

"ಜೀನು ಕೂಡುತ್ತದೆಂದು ಇವರಿಗಿಂತ ಮೊದಲು ಹೇಳಿದವನು ನಾನು. ಹಾಗಾದರೆ ನನಗೇನು ಶಿಕ್ಷೆ?"

ಮಲ್ಲರಸ ನೆಲದ ತನಕ ಬಾಗಿದ.

"ಪ್ರಭುಗಳದು ಧರ್ಮರಾಜ್ಯ. ಇಲ್ಲಿ ಉಳಿದವರಿಗೆಲ್ಲ ತೀರ್ಪಾದ ಮೇಲೆ ಶಿಕ್ಷೆ. ತಾವು ಮಾತ್ರ ತೀರ್ಪಿಗೂ ಮೊದಲೇ, ಕಂತು ಕಂತಾಗಿ, ಅನುಭವಿಸಿ ಮುಗಿಸಿದ್ದೀರಿ."

ನಾಯಕರು ನಕ್ಕರು. ನಕ್ಕರೆ ಸೊಂಟ ನೋಯುತ್ತಿತ್ತು, ಆದರೂ ನಕ್ಕರು. ಕೊರಳಿನ ಮುತ್ತಿನ ಸರ ತೆಗೆದು ಮಲ್ಲರಸನಿಗೆ ಹಾಕಿದರು.

ಹೊಸ ಜೀನು ಸಿದ್ಧವಾಗಿ ಬಂದ ದಿನ ನಾಯಕರು ದಳವಾಯಿಯನ್ನು ಕರೆದು ಹೇಗಿದೆ ಎಂದು ಕೇಳಿದರಂತೆ. ದಳವಾಯಿ ನಾಲ್ಕು ಹೆಜ್ಜೆ ಹಿಂದೆ ಸರಿದು, "ಪ್ರಭುಗಳು ಒಂದು ಸುತ್ತು ಹೋಗಿ ಬನ್ನಿ, ಆಮೇಲೆ ಅರಿಕೆ ಮಾಡುತ್ತೇನೆ" ಎಂದನಂತೆ.