ಹಳದಿ ಹರಳು, ನೀಲಿ ಉಗುರು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಜಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಧಾರೆಯೆರೆದು ಅರ್ಧ ರಾಜ್ಯ ಕೊಡ್ತಾರೆ. ತಪ್ಪಿದವನಿಗೆ ಬರೋ ಅಮಾವಾಸ್ಯೆಗೆ ತಲೆದಂಡ!"

ನೀಲಗುಂದಿಯಲ್ಲಿ ಹೀಗೆ ಡಂಗುರ ಬಿದ್ದದ್ದೇ ತಡ, ಪೇಟ ಇದ್ದವರೆಲ್ಲ ಅರಮನೆಗೆ ನುಗ್ಗಿದರು. ದ್ಯಾವನಿಗೆ ಪೇಟವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಅರಮನೆಯ ರಸಶಾಲೆಯಲ್ಲಿ ಜಾಡಿ ತೊಳೆಯುವವನು, ಸಭೆಗೆ ನೀರು ಹೊತ್ತು ತಂದಿದ್ದ, ಅಷ್ಟೆ.

ಹೊನ್ನಾಜಿಯ ಮಡಿಲಲ್ಲಿ ಒಂದು ಪುಟ್ಟ ಡಬ್ಬಿ. ತೀರಿಹೋದ ರಾಣಿ ರಸಶಾಲೆಯಲ್ಲಿ ತಾನೇ ಕಾಯಿಸಿ ಮಾಡಿದ ಹಳದಿ ಹರಳು ಅದರಲ್ಲಿತ್ತು. ತಾಯಿಯ ನೆನಪಾದಾಗಲೆಲ್ಲ ಮಗಳು ಅದರೊಳಗೆ ಬೆರಳಾಡಿಸುತ್ತಿದ್ದಳು.

"ಮೊದಲೆರಡು ಒಗಟು ಅಮ್ಮ ಹೇಳಿಕೊಟ್ಟದ್ದು. ನೀರಲ್ಲಿ ಮುಳುಗುತ್ತದೆ, ಕರಗುವುದಿಲ್ಲ. ಬೆಳಗಿನ ಚಳಿಗೆ ಕಲ್ಲು, ನಡುಹಗಲ ಬಿಸಿಲಿಗೆ ಎಣ್ಣೆ. ಅದೇನು?"

ಸುಬೇದಾರನ ಮಗ ಎದೆಯುಬ್ಬಿಸಿ "ಕಲ್ಲುಸಕ್ಕರೆ" ಅಂದ. ನೀರಲ್ಲಿ ಕರಗದ ಸಕ್ಕರೆ ಅವನ ಮನೆಯಲ್ಲಿತ್ತೋ ಏನೋ! ಸೆರೆಗೆ ಹೋದ. "ಜೇನುಮೇಣ" ಅಂದ ಸಾಹುಕಾರನೂ ಹೋದ, ಮೇಣ ಮುಳುಗುವುದುಂಟೆ? ಪಾಳೆಯಗಾರನ ಸೋದರಳಿಯನೊಬ್ಬ ಡಬ್ಬಿಯತ್ತ ಕಣ್ಣು ಹಾಯಿಸಿ "ಆ ಹರಳೇ" ಅಂದು ಗೆದ್ದ.

"ಸರಿ. ಉಡುವುದಕ್ಕಲ್ಲ, ತಿನ್ನುವುದಕ್ಕಲ್ಲ. ಆದರೆ ಅದರ ಒಂದು ಮಗು ಮದುವಣಗಿತ್ತಿಯ ಸೀರೆಗೆ ಬಣ್ಣ, ಇನ್ನೊಂದು ಜ್ವರದವನ ನಾಲಗೆಗೆ ಮದ್ದು. ಆ ತಾಯಿ ಯಾರು?"

"ಅರಿಶಿನ!"

"ಅರಿಶಿನ ತಿನ್ನುವುದಿಲ್ಲವೇ?" ಎಂದಳು. ಅವನೂ ಸೆರೆಗೆ ಹೋದ.

ದ್ಯಾವ ಆಗ ಅವಳ ಬೆರಳು ನೋಡಿದ. ಉಗುರು ನೀಲಿ. ಯಾರೂ ಬೆಚ್ಚಿರಲಿಲ್ಲ, ಬಟ್ಟೆಗೆ ನೀಲಿ ಬಣ್ಣ ಹಾಕುವ ತೊಟ್ಟಿಗಳ ಆ ಊರಲ್ಲಿ ಹಸುಗೂಸನ್ನು ಬಿಟ್ಟು ಎಲ್ಲರ ಉಗುರೂ ನೀಲಿಯೇ. ಆದರೆ ಅವಳ ತುಟಿಯೂ ಕಪ್ಪಿಟ್ಟಿತ್ತು. ಅದೇ ಜಾಡಿ ತೊಳೆದು ಸತ್ತ ದ್ಯಾವನ ಅವ್ವನ ತುಟಿ ಕೊನೆಗೆ ಹಾಗೇ ಇತ್ತು. ಅವನು ಕೊಡ ಕೆಳಗಿಟ್ಟ.

"ಬುದ್ಧೀ, ನಾನು ಹೇಳ್ತೀನಿ. ಮೊದಲು ಅಮ್ಮಣ್ಣಿ ಮಡಿಲಿಂದ ಆ ಡಬ್ಬಿ ಇಳಿಸಿ."

"ತಪ್ಪಿದರೆ ತಲೆ ಹೋಗುತ್ತೆ ಕಣಪ್ಪಾ," ಎಂದ ಅರಸ.

"ಹೋಗ್ಲಿ ಬುದ್ಧಿ. ಎರಡಕ್ಕೂ ಆ ಹರಳೇ ಉತ್ತರ. ಬಣ್ಣಕ್ಕೂ ಮದ್ದಿಗೂ ಅದೇ ಮೂಲ, ಆದ್ರೆ ಹತ್ತು ಸಲ ಕಾಯಿಸಿ ಮಾರ್ಪಡಿಸಿದ ಮೇಲೆ. ಅಲ್ಲೀವರೆಗೂ ಬರೀ ವಿಷ."

ಹೊನ್ನಾಜಿ ಡಬ್ಬಿ ಪಕ್ಕಕ್ಕಿಟ್ಟಳು. "ಮೂರನೆಯದು ನನ್ನದು. ಉತ್ತರ ನನಗೂ ಗೊತ್ತಿಲ್ಲ. ಅಮ್ಮನೊಳಗೆ ಒಬ್ಬ ಕಳ್ಳ ಹೊಕ್ಕ. ಬಾಗಿಲು ತೆರೆಯಲಿಲ್ಲ, ಗಾಯ ಮಾಡಲಿಲ್ಲ, ಉಸಿರು ಕದ್ದೊಯ್ದ. ಅವನಾರು?"

ದ್ಯಾವ ನೆಟ್ಟಗೆ ಹೋಗಿ ಅವಳ ಬೆರಳು ಹಿಡಿದ. ಕಾವಲಿನವರ ಕತ್ತಿಗಳು ಹೊರಬಂದವು.

"ಜಾಡಿ ತೊಳೆಯೋರು ನಾವು ದಿನಾ ದೀಪ ಹಚ್ಚೋ ಹೊತ್ತಿಗೆ ಜೋಡಿಯಾಗಿ ಒಬ್ಬರ ಉಗುರು ಒಬ್ಬರು ಒತ್ತಿ ನೋಡ್ತೀವಿ. ನಂದು ಅವ್ವ ನೋಡ್ತಿದ್ಲು, ಅವಳೂ ಹೀಗೇ ಹೋದ್ಲು. ತೊಟ್ಟಿ ಬಣ್ಣ ಒತ್ತಿದ್ರೂ ಹೋಗಲ್ಲ. ಇದು ನೋಡಿ, ಒತ್ತಿದ್ರೆ ಬಿಳಿ, ಬಿಟ್ರೆ ಮತ್ತೆ ನೀಲಿ. ನೀಲಿ ಉಗುರ ಮೇಲಿಲ್ಲ ಅಮ್ಮಣ್ಣಿ, ರಕ್ತದಲ್ಲಿದೆ. ಕಹಿ ಬಾದಾಮಿ ವಾಸನೆಯ ಈ ಹರಳೇ ಕಳ್ಳ. ಚರ್ಮದಿಂದಲೇ ಒಳಗೆ ಹೋಗ್ತದೆ."

ಅವನೇ ಅಂಟುವಾಳದ ನೊರೆಯಲ್ಲಿ ಅವಳ ಕೈ ತೊಳೆದ. ದಾಸಿಯರು ಮೀಯಿಸಿ, ಉಟ್ಟದ್ದೆಲ್ಲ ಬದಲಿಸಿ, ಗಾಳಿಯಾಡುವ ಅಂಗಳದಲ್ಲಿ ಮಲಗಿಸಿದರು. ಅವಳು ಚೇತರಿಸದಿದ್ದರೆ ದ್ಯಾವನ ತಲೆ ಉಳಿಯುತ್ತಿರಲಿಲ್ಲ. ಅವನಿಗೆ ಆ ಚಿಂತೆಯಿರಲಿಲ್ಲ; ಗಳಿಗೆಗೊಮ್ಮೆ ಉಗುರು ನೋಡುತ್ತ ಕುಳಿತ. ಮೂರನೆಯ ಸಂಜೆ ಒತ್ತಿ ಬಿಟ್ಟ ಉಗುರಿಗೆ ಕೆಂಪು ಓಡಿ ಬಂತು. ಅರಸ ತಾನು ಗಂಡಸೆಂಬುದನ್ನೂ ಮರೆತು ಗಳಗಳ ಅತ್ತ.

"ಏನು ಬೇಕು, ಕೇಳಪ್ಪಾ."

"ಸೆರೆಯಲ್ಲಿರೋರನ್ನ ಬಿಡಿ ಬುದ್ಧಿ. ಜಾಡಿ ತೊಳೆಯೋರಿಗೆ ಕೈಗವಸು ಕೊಡಿಸಿ."

"ನಾನು ಬೇಡವೇ?" ಎಂದಳು ಹೊನ್ನಾಜಿ.

ದ್ಯಾವ ತಲೆ ತಗ್ಗಿಸಿದ. "ನನ್ನದು ಜಾಡಿ ತೊಳೆಯೋ ಕೈ, ಅಮ್ಮಣ್ಣಿ."

ದಾಸಿ ಅಂಗಳದಲ್ಲಿ ದೀಪ ಹಚ್ಚಿದಳು.

"ಅವ್ವ ಹೋದ ಮೇಲೆ ನಿನ್ನ ಉಗುರು ಯಾರು ನೋಡ್ತಾರೆ?"

ಹೀಗೆ ಕೇಳುತ್ತಲೇ ಹೊನ್ನಾಜಿ ಅವನ ಒರಟು ಕೈಯನ್ನು ಎಳೆದುಕೊಂಡು, ದೀಪದ ಹತ್ತಿರ ಹಿಡಿದು, ಒಂದೊಂದೇ ಉಗುರು ಒತ್ತಿ ನೋಡತೊಡಗಿದಳು.