ಎರೆವ್ವ ಮೈ ತೊಳೆಯದೆ ಹೋದ ದಿನ

ಇಪ್ಪತ್ತರ ಹರೆಯದಲ್ಲಿ ಅಡಿವೆಪ್ಪಜ್ಜ ಈ ಹೊಲದ ಒಂದು ಬಿರುಕಿನೊಳಗೆ ಇಳಿದವನು, ನೆಲದ ಕೆಳಗೇ ಎರಡು ಹರದಾರಿ ನಡೆದು, ಬೀಗರೂರಿನ ಬಾವಿಕಟ್ಟೆಯ ಹತ್ತಿರ ಮೇಲೆದ್ದಿದ್ದ. ತಲೆಯ ರುಮಾಲಿನ ಒಂದು ಸುತ್ತೂ ಸಡಿಲಾಗಿರಲಿಲ್ಲ. ಅವನು ಇಳಿದದ್ದನ್ನು ನೋಡಿದವನು ಫಕ್ಕೀರಪ್ಪ. ಮೇಲೆದ್ದದ್ದನ್ನು ನೋಡಿದವಳು ಬೀಗರ ಮುದುಕಿ. ಇಬ್ಬರೂ ಶಿವನ ಪಾದ ಸೇರಿ ಮೂವತ್ತು ವರ್ಷವಾಯಿತು. ಬಿರುಕಿನ ಬಾಯಲ್ಲಿ ಕಾಯುತ್ತ ನಿಂತಿದ್ದ ಎತ್ತೂ ಈಗಿಲ್ಲ.

"ಆ ಎತ್ತು ಇದ್ದಿದ್ರ ಅದನ್ನರೆ ಕೇಳಬಹುದಿತ್ತು," ಎಂದಳು ಅವನ ಹೆಂಡತಿ ನೀಲವ್ವ, ಬುತ್ತಿಯ ಗಂಟು ಬಿಚ್ಚುತ್ತ.

"ಕೇಳಬಹುದಿತ್ತು," ಅಜ್ಜ ಒಪ್ಪಿಕೊಂಡ. "ಭಾಳ ಸತ್ಯವಂತ ಎತ್ತು ಅದು."

ಅವತ್ತು ಎಳ್ಳ ಅಮಾವಾಸ್ಯೆ. ಕಪ್ಪು ಮಣ್ಣಿನ ಈ ಎರೆ ಸೀಮೆಯಲ್ಲಿ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಮೊದಲು ಚರಗ ಚೆಲ್ಲಬೇಕು, ಅಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಬೀರಿ ಭೂಮಿತಾಯಿಗೆ ಉಣಿಸಬೇಕು. ತಾವು ಉಣ್ಣುವುದು ಆಮೇಲೆ. ಚರಗ ಚೆಲ್ಲಿ ಆಗಿತ್ತು. ಸುತ್ತಲೂ ಆಳೆತ್ತರದ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಎರಡು ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಜೋಳಕ್ಕೆ ಅದರ ಪರಿವೆಯೇ ಇರಲಿಲ್ಲ.

ಎಂಟು ವರ್ಷದ ಮೊಮ್ಮಗಳು ಕಸ್ತೂರಿ ತನ್ನ ಅಂಗಾಲು ಎತ್ತಿ ನೋಡಿಕೊಳ್ಳುತ್ತಿದ್ದಳು. ಹಬ್ಬಕ್ಕೆಂದು ಅಜ್ಜನ ಮನೆಗೆ ಬಂದು ಮೂರು ದಿನವಾಗಿತ್ತು.

"ಅಜ್ಜಾ, ನಿಮ್ಮ ಮಣ್ಣು ಯಾಕ ಇಷ್ಟು ಕರ್ರಗ? ನಮ್ಮೂರಾಗ ಕೆಂಪೈತಿ."

"ನಿಮ್ಮೂರಿಂದು ಮಣ್ಣಾ? ಅದು ಇಟ್ಟಂಗಿ ಪುಡಿ," ಎಂದ ಅಜ್ಜ. ಆಮೇಲೆ ಅದು ಮಗಳನ್ನು ಕೊಟ್ಟ ಊರು ಎಂಬುದು ನೆನಪಾಗಿ, "ಅದೂ ಚಲೋನ ಬಿಡು," ಎಂದು ತೇಲಿಸಿದ. ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಕಾಲು ಮಡಚಿ ಕುಳಿತ. ಅಜ್ಜ ಕಾಲು ಮಡಚಿದರೆ ಕಥೆ ಬಂತೆಂದೇ ಅರ್ಥ.

ಲೋಕ ಹೊಸದಾಗಿತ್ತು. ಹಂಚಿನ ಮೇಲಿಂದ ಈಗಷ್ಟೇ ಇಳಿಸಿದ ರೊಟ್ಟಿಯ ಹಾಗೆ ಭೂಮಿಯ ಮೈಯಿಂದ ಇನ್ನೂ ಹಬೆ ಏಳುತ್ತಿತ್ತು. ಆಗ ಎಲ್ಲ ಮಣ್ಣಿಗೂ ಒಂದೇ ಬಣ್ಣ: ಜೋಳದ ಹಿಟ್ಟಿನ ಬಣ್ಣ.

ಕಲ್ಲಜ್ಜನಿಗೆ ನಾಲ್ವರು ಮೊಮ್ಮಕ್ಕಳು. ಹಿರಿಯಳು ಉಸುಕವ್ವ. ಎರಡನೆಯವಳು ಮಸಾರೆವ್ವ. ಮೂರನೆಯವಳು ಸವಳು ಮಣ್ಣಿನ ಕರ್ಲವ್ವ. ಕಡೆಯವಳು ಎರೆವ್ವ. ಉಸುಕವ್ವ ಹೊಳೆಯ ದಂಡೆ ಹಿಡಿದಳು. ಮಸಾರೆವ್ವ ಗುಡ್ಡದ ಬುಡ ಹಿಡಿದಳು. ಕರ್ಲವ್ವ ತಗ್ಗು ಹಿಡಿದಳು. ಎಲ್ಲರೂ ಆರಿಸಿಕೊಂಡ ಮೇಲೆ ಎರೆವ್ವನಿಗೆ ಉಳಿದದ್ದು ಬಟಾಬಯಲು. ಮರವಿಲ್ಲ, ಮರೆಯಿಲ್ಲ. ಅಲ್ಲಿ ಗಾಳಿಯದೇ ಮನೆ, ಗಾಳಿಯದೇ ಮಾತು.

ಗಾಳಿ ದಿನಾ ಬರುತ್ತಿತ್ತು. ದಿನಾ ಒಂದು ಮೊರ ಮಣ್ಣು ತೂರಿಕೊಂಡು ಹೋಗುತ್ತಿತ್ತು.

ಒಂದಾಳು ದಪ್ಪವಿದ್ದ ಎರೆವ್ವ ಮೊಣಕಾಲುದ್ದವಾದಳು. ಮೊಣಕಾಲುದ್ದ ಇದ್ದವಳು ಗೇಣುದ್ದವಾದಳು. ಕೆಳಗೆ ಮಲಗಿದ್ದ ಕಲ್ಲಜ್ಜ ನರಳಿದ, "ಮಗಳ, ಕೌದಿ ತೆಳ್ಳಗಾತು. ನನಗ ಚಳಿ ಹತ್ತೈತಿ. ಇನ್ನೆರಡು ಬ್ಯಾಸಗಿ ಹಿಂಗ ಆದ್ರ ನೀ ಪೂರಾ ಸಮುದ್ರದ ಪಾಲು."

ಎರೆವ್ವ ದೂರದಲ್ಲಿದ್ದ ಬೇವಿನ ಮರವನ್ನು ಕೂಗಿದಳು, "ಬೇವಣ್ಣಾ, ನನ್ನ ಹಿಡ್ಕೋತಿಯೇನು?"

"ಗೇಣು ಮಣ್ಣಾಗ ನನ್ನ ಕಾಲು ಎಲ್ಲಿ ಇಡಲಿ?" ಎಂದಿತು ಬೇವು.

ಮೇಲೆ ಹೋಗುತ್ತಿದ್ದ ಮೋಡವನ್ನು ಕೂಗಿದಳು, "ಮೋಡಕ್ಕಾ, ನನ್ನ ಹಿಡ್ಕೋತಿಯೇನು?"

"ನನ್ನ ಹಿಡಿಯೋರು ಯಾರೂ ಇಲ್ಲ, ನಾ ನಿನ್ನ ಹಿಡೀಲೇನು?" ಎಂದಿತು ಮೋಡ. ಅದು ಮಾತು ಮುಗಿಸುವುದರೊಳಗೆ ಗಾಳಿ ಅದನ್ನೂ ಎಳೆದುಕೊಂಡು ಹೋಯಿತು.

ಆಗ ಅವಳ ಕಾಲ ಬೆರಳಿನ ಸಂದಿಯಿಂದ ಒಂದು ಸಣ್ಣ ದನಿ ಬಂತು. "ನಾ ಹಿಡೀತೇನಿ."

ನೋಡಿದರೆ ಕರಿಕೆ ಹುಲ್ಲು. ಒಂದೇ ಒಂದು ಎಳೆ. ಇರುವೆ ಹತ್ತಿದರೂ ಬಾಗುವಂಥದ್ದು.

"ನೀನಾ?" ಎಂದಳು ಎರೆವ್ವ.

"ನಾನ. ಆದ್ರ ಒಂದು ಮಾತು. ಬ್ಯಾಸಗ್ಯಾಗ ನನ್ನ ಹಳೇ ಬೇರು ಸಾಯತಾವು. ಮಳಿಗೆ ಹೊಸಾವು ಬರತಾವು. ಸತ್ತಾವನ್ನ ನೀ ಹೊರಗ ಚೆಲ್ಲಬಾರದು. ನಿನ್ನ ಉಡಿಯಾಗ ಇಟ್ಕೋಬೇಕು."

"ಇಟ್ಕೋತೇನಿ," ಎಂದಳು ಎರೆವ್ವ.

ಕರಿಕೆ ಬೇರು ಬಿಟ್ಟಿತು. ಬೇರಿಗೆ ಬೇರು ಹೆಣೆಯಿತು. ಗಾಳಿ ಬಂದು ಎಳೆದರೆ ಮಣ್ಣು ಏಳಲಿಲ್ಲ. ಬೇಸಿಗೆ ಬಂತು, ಬೇರು ಸತ್ತವು. ಎರೆವ್ವ ಉಡಿಯಲ್ಲಿ ಇಟ್ಟುಕೊಂಡಳು. ಒಂದು ಕೂದಲೆಳೆಯಷ್ಟು ಕಪ್ಪಾದಳು. ಮಳೆ ಬಂತು, ಹೊಸ ಬೇರು ಇನ್ನೂ ಆಳಕ್ಕೆ ಇಳಿದವು. ಬೇಸಿಗೆ ಬಂತು, ಅವೂ ಸತ್ತವು. ಎರೆವ್ವ ಉಡಿಯಲ್ಲಿ ಇಟ್ಟುಕೊಂಡಳು. ಇನ್ನೊಂದು ಎಳೆಯಷ್ಟು ಕಪ್ಪಾದಳು.

"ಎಷ್ಟು ವರ್ಷ, ಅಜ್ಜಾ?" ಎಂದಳು ಕಸ್ತೂರಿ.

"ಎಣಿಸಾಕ ಕುಂತವನಿಗೆ ಮೊಮ್ಮಗಾ ಹುಟ್ಟಿ, ಆ ಮೊಮ್ಮಗಗ ಹಲ್ಲು ಬಿದ್ದು, ಅವಂಗೂ ಬ್ಯಾಸರ ಆಗಿ ಎದ್ದು ಹೋದ. ಅಷ್ಟು ವರ್ಷ."

ಗಾಳಿ ಬೇರೆ ಕಡೆಯಿಂದ ತಂದ ಧೂಳನ್ನೂ ಹುಲ್ಲು ತಡೆದು ನಿಲ್ಲಿಸಿತು. ಗೇಣುದ್ದ ಇದ್ದ ಎರೆವ್ವ ಮೊಣಕಾಲುದ್ದವಾದಳು, ಆಳುದ್ದವಾದಳು, ಎರಡಾಳುದ್ದವಾದಳು. ಅಕ್ಕಂದಿರು ಮಾತ್ರ ನಕ್ಕರು. "ತಂಗೀ, ಒಲೀ ಮುಂದ ಕುಂತಿದ್ದೇನು? ಹಂಚಿನ ಬುಡ ಆಗಿಯಲ್ಲ!"

ಹೀಗಿರುವಾಗ ಭೂಮಿತಾಯಿ ಡಂಗುರ ಹೊಡೆಸಿದಳು. ಸ್ವಾತಿ ಮಳೆಯ ದಿನ ಎಲ್ಲ ಮಣ್ಣೂ ತನ್ನ ಅಂಗಳಕ್ಕೆ ಬರಬೇಕು. ಯಾವ ಮಣ್ಣು ಯಾವುದಕ್ಕೆ ಎಂದು ತರ ತೆಗೆದು ಬೇರೆ ಬೇರೆ ಮಾಡುತ್ತಾಳೆ. ಯಾವುದಕ್ಕೂ ಬಾರದ ಮಣ್ಣನ್ನು ಸಮುದ್ರದ ತಳಕ್ಕೆ ಹಾಸುತ್ತಾಳೆ.

ಅಕ್ಕಂದಿರು ಬೆಣ್ಣೆಹಳ್ಳದಲ್ಲಿ ಮುಳುಗಿ ಮುಳುಗಿ ಮೈ ತೊಳೆದುಕೊಂಡರು. ಬಿಸಿಲಿಗೆ ನಿಂತು ಒಣಗುವಾಗ ಮಸಾರೆವ್ವನ ಮೈಯೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಅವಳು ಕೆಂಪಾದಳು. ಅವಳಿಗೆ ಅದೇ ಚೆಂದ ಕಂಡಿತು.

ಹಳ್ಳ ಎರೆವ್ವನನ್ನೂ ಕರೆಯಿತು. "ಬಾ ತಂಗೀ. ಒಂದ ಮುಳುಗು ಹಾಕು. ಕಪ್ಪೆಲ್ಲಾ ತೊಳಕೊಂಡು ಹೋಗತೈತಿ. ಹುಟ್ಟಿದಾಗಿನ ಬಣ್ಣ ಬರತೈತಿ."

"ತೊಳದ ಕಪ್ಪು ಎಲ್ಲಿಗೆ ಹೋಗತೈತಿ?" ಎಂದು ಕೇಳಿದಳು ಎರೆವ್ವ.

"ಎಲ್ಲಿಗೆ ಅಂದ್ರ? ಸಮುದ್ರಕ್ಕ."

ಎರೆವ್ವ ದಂಡೆಯ ಮೇಲೆ ನಿಂತು ತನ್ನ ಉಡಿ ನೋಡಿಕೊಂಡಳು. ಹೀಗೇ ಹೋದರೆ ತಾಯಿ ಹೊಲಸೆಂದು ಬದಿಗೆ ಸರಿಸಿದರೆ? ತೊಳೆದುಕೊಂಡರೆ ತಾನು ಉಳಿಯಬಹುದು. ಆದರೆ ತನ್ನನ್ನು ಹಿಡಿದವರು?

"ಇದು ಹೊಲಸಲ್ಲ," ಎಂದಳು. "ಇದು ನನ್ನ ಹುಲ್ಲು."

ಮೈ ತೊಳೆಯದೆಯೇ ಹೋದಳು.

"ಎಳ್ಳ ಅಮಾಸಿ ದಿನಾನೂ ಜಳಕ ಮಾಡದ ಬಂದಾರ ನೋಡು ನಿಮ್ಮಜ್ಜ," ಎಂದಳು ನೀಲವ್ವ ಮೊಮ್ಮಗಳಿಗೆ. "ಎರೆವ್ವನ ಹೆಸರು ಹೇಳಿ ಪಾರಾಗಾಕತ್ತಾರ."

"ಕಥಿಯಾಗ ಕಲ್ಲು ಹಾಕಬ್ಯಾಡ," ಎಂದ ಅಜ್ಜ.

ಅಂಗಳದಲ್ಲಿ ಭೂಮಿತಾಯಿಯ ಪಕ್ಕ ಎರೆಹುಳ ಕುಳಿತಿತ್ತು. ಮಣ್ಣು ತಿಂದು ರುಚಿ ಹೇಳುವುದೇ ಅದರ ಕೆಲಸ. ಊಟವೂ ಅದೇ, ಉದ್ಯೋಗವೂ ಅದೇ.

ತಾಯಿ ಒಬ್ಬೊಬ್ಬರ ಮೈಯಿಂದ ಒಂದು ಹಿಡಿ ತೆಗೆದು ನೀರು ಹಾಕಿ ಕಲಸಿದಳು. ಉಸುಕವ್ವನನ್ನು ಉಂಡೆ ಕಟ್ಟಿದರೆ ಉದುರಿತು. ಮಸಾರೆವ್ವ ಉಂಡೆಯಾದಳು, ಹೊಸೆದರೆ ಮುರಿದಳು. ಕರ್ಲವ್ವ ಹೊಸೆಯಲು ಬಂದಳು, ಆದರೆ ಎರೆಹುಳ ನಾಲಿಗೆಗೆ ಹಚ್ಚಿಕೊಂಡು, "ಯಪ್ಪಾ, ಉಪ್ಪು!" ಎಂದು ಮೂರು ಸುತ್ತು ಸುತ್ತಿಕೊಂಡಿತು. ಕಡೆಗೆ ಎರೆವ್ವ. ತಾಯಿ ಹೊಸೆದಳು. ಶಾವಿಗೆಯ ಹಾಗೆ ಎಳೆ ಬಂತು. ಎಳೆಯನ್ನು ಬಾಗಿಸಿದಳು. ಬಳೆಯಾಯಿತು, ಬಿರುಕು ಬಿಡಲಿಲ್ಲ. ಎರೆಹುಳ ಬಾಯಿ ಚಪ್ಪರಿಸಿ, "ಇನ್ನೊಂದು ತುತ್ತು," ಎಂದಿತು.

"ಬಳಿ ತೊಟ್ಟು ನಾಲ್ಕು ದಿನ ಮೆರೀಬಹುದು," ಎಂದಳು ಭೂಮಿತಾಯಿ. "ಹೊಟ್ಟಿ ತುಂಬಬೇಕಂದ್ರ ನೀರು ಬೇಕು. ತಗೋರಿ."

ನಾಲ್ವರ ಮೇಲೂ ಸ್ವಾತಿ ಮಳೆಯನ್ನು ಸಮನಾಗಿ ಸುರಿದಳು. "ಎಳ್ಳ ಅಮಾಸಿ ದಿನ ಬರತೇನಿ. ಎಷ್ಟು ಉಳಿಸೀರಿ ತೋರಸ್ರಿ."

ಮಳೆ ನಿಂತ ಮರುದಿನದಿಂದಲೇ ಸೂರ್ಯ ಕೊಡ ಹಿಡಿದುಕೊಂಡು ಬಂದ. "ನೀರಡಿಕಿ ಆಗೈತಿ, ಒಂದಿಷ್ಟು ಹಾಕ್ರಿ," ಎಂದ. ಉಸುಕವ್ವನ ಹತ್ತಿರ ಕೊಡಲು ಏನೂ ಉಳಿದಿರಲಿಲ್ಲ. ಅವಳ ನೀರು ಬೆರಳ ಸಂದಿಯಿಂದ ಆಗಲೇ ಕೆಳಗಿಳಿದಿತ್ತು. ಮಸಾರೆವ್ವ ಧಾರಾಳಿ. ಎಂಟೇ ದಿನದಲ್ಲಿ ಕೊಡ ತುಂಬಿಸಿ ಕೊಟ್ಟು ಕೈ ಝಾಡಿಸಿದಳು. ಕರ್ಲವ್ವನ ನೀರು ಉಪ್ಪಾಗಿ ಬೆಳ್ಳಗೆ ಮೇಲೆ ಕೆನೆಗಟ್ಟಿತು.

ಸೂರ್ಯ ಎರೆವ್ವನ ಬಾಗಿಲಿಗೆ ಬಂದ. ಅವಳು ಮೇಲಿನ ನಾಲ್ಕು ಬೆರಳಿನಷ್ಟು ಕೊಟ್ಟಳು.

"ಇನ್ನ?"

"ಇನ್ನ ಕೊಡಬೇಕಂದ್ರ ಇವರನ್ನ ಕೇಳಬೇಕು," ಎಂದು ಉಡಿ ತೋರಿಸಿದಳು. ಅಲ್ಲಿ ಸಾವಿರ ವರ್ಷದ ಸತ್ತ ಬೇರುಗಳು ಒಂದೊಂದು ಗುಟುಕು ನೀರನ್ನು ಬಿಗಿಯಾಗಿ ಹಿಡಿದು ಕುಳಿತಿದ್ದವು. ಬದುಕಿದ್ದಾಗ ಮಣ್ಣನ್ನು ಹಿಡಿದಿದ್ದವು, ಈಗ ನೀರನ್ನು ಹಿಡಿದಿದ್ದವು. ಸೂರ್ಯ ಎಷ್ಟು ಕಣ್ಣು ಕೆಂಪು ಮಾಡಿದರೂ ಬಿಡಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಭೂಮಿತಾಯಿ ಬಂದಳು. ಮೂವರು ಅಕ್ಕಂದಿರು ತಲೆ ತಗ್ಗಿಸಿದರು. ಎರೆವ್ವನ ಮೇಲ್ಮೈಯೂ ಒಣಗಿ ಬೂದಿಯಾಗಿತ್ತು. "ಇದೂ ಒಣಾ," ಎಂದು ಗಾಳಿ ಸಿಳ್ಳೆ ಹಾಕಿತು. ಅವಳನ್ನು ಒಯ್ಯಲು ಸೆರಗು ಬಿಚ್ಚಿಕೊಂಡೇ ನಿಂತಿತ್ತು.

ಎರೆವ್ವ ಬಾಯಿ ತೆರೆದಳು. ಮೊದಲ ಬಿರುಕು ಅದೇ.

ತಾಯಿ ಅದರೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ತಣ್ಣಗಿತ್ತು. ಕೈ ಹೊರಗೆ ಬಂದಾಗ ಬೆರಳೆಲ್ಲ ಕಪ್ಪು, ಬೆರಳೆಲ್ಲ ಹಸಿ. ಆಮೇಲೆ ಆ ಕಪ್ಪನ್ನು ಕಾಡಿಗೆಯ ಹಾಗೆ ತನ್ನ ಎರಡೂ ಕಣ್ಣಿಗೆ ತೀಡಿಕೊಂಡಳು. ಗಾಳಿ ಸೆರಗು ಸುತ್ತಿಕೊಂಡು ಹಿಂದೆ ಸರಿಯಿತು.

"ಮಳಿ ಇರೋತನಕ ಎಲ್ಲಾರೂ ಬೆಳೀತಾರ," ಎಂದಳು ತಾಯಿ. "ಮಳಿ ಹೋದಮ್ಯಾಲೆ ಬೆಳಿಯೋದು ನಿನ್ನ ಕೆಲಸ. ಹಿಂಗಾರಿ ಜ್ವಾಳ, ಕಡ್ಲಿ, ಗೋದಿ, ಹತ್ತಿ ಎಲ್ಲಾ ನಿನ್ನ ಮಕ್ಕಳು."

ಯಾರನ್ನೂ ಸಮುದ್ರಕ್ಕೆ ಹಾಸಲಿಲ್ಲ. ಉಸುಕವ್ವನಿಗೆ ಕಲ್ಲಂಗಡಿ ಕೊಟ್ಟಳು. ಮಸಾರೆವ್ವನಿಗೆ ಶೇಂಗಾ ಕೊಟ್ಟಳು. ಕರ್ಲವ್ವನಿಗೆ, "ನೀ ಮಂದಿ ಅರಿಬಿ ಒಗದು ಬೆಳ್ಳಗ ಮಾಡು," ಎಂದಳು.

"ಅದಕ್ಕ ನೋಡು, ಕಸ್ತೂರಿ," ಅಡಿವೆಪ್ಪಜ್ಜ ಒಂದು ಹೆಂಟೆಯನ್ನೆತ್ತಿ ಹಿಡಿದ. "ಇವತ್ತಿಗೂ ಬ್ಯಾಸಗ್ಯಾಗ ಎರಿ ಬಾಯಿ ಬಿಡತೈತಿ. ಒಣಗಿದ ಎಲಿ, ಬೇರು, ಕಸಾ, ಮ್ಯಾಲಿನ ಮಣ್ಣು ಎಲ್ಲಾ ಒಳಗ ತಗೋತೈತಿ. ಕೆಳಗಿಂದು ಮ್ಯಾಲೆ, ಮ್ಯಾಲಿಂದು ಕೆಳಗ. ತನ್ನ ರಂಟಿ ತಾನ ಹೊಡಕೋತೈತಿ, ಉಳಾಕ ಯಾರೂ ಬೇಕಿಲ್ಲ! ಮಳಿಗಾಲದಾಗ ಕಾಲಿಟ್ರ ಬಿಡಂಗಿಲ್ಲ, ಎಲ್ಲಿಗಿ ಹೊಂಟಿ ಕುಂದ್ರು ಅಂತ ಚಪ್ಪಲಿ ಹಿಡಕೋತೈತಿ. ಭಾಳ ಆಳಕ್ಕ ಅಗದ್ರ ಬೆಳ್ಳನ ಸುಣ್ಣದ ಹರಳು ಸಿಗತಾವು. ಹುಟ್ಟಿದಾಗಿನ ಬಣ್ಣ ಅಷ್ಟ ಉಳದೈತಿ. ಇನ್ನುಳಿದದ್ದೆಲ್ಲಾ ಹುಲ್ಲಿನ ಉಪಕಾರ. ನಿನ್ನ ಅಂಗಾಲಿಗೆ ಹತ್ತಿದ ಕಪ್ಪು ಐತೆಲ್ಲ, ಅದು ಆ ಕರಿಕೀದ."

ಕಸ್ತೂರಿ ಅಂಗಾಲನ್ನು ಇನ್ನೊಮ್ಮೆ ನೋಡಿಕೊಂಡಳು. ಆಮೇಲೆ ಬದುವಿನ ಕಡೆಗೆ ನೋಡಿದಳು.

"ಅಜ್ಜಾ, ಆ ಕರಿಕಿ ಮತ್ತ ಇಲ್ಲಿ ಬದುವಿನ ಮ್ಯಾಲಿನ ಕರಿಕಿ ಒಂದ ಏನು?"

"ಒಂದ! ಅದರ ಮರಿಮಕ್ಕಳ ಮರಿಮಕ್ಕಳು ಇವು."

"ಹಂಗಾದ್ರ ನಿನ್ನೆ ಇಡೀ ದಿನಾ ಗುದ್ದಲಿ ಹಿಡದು ಬೇರುಸಮೇತ ಅಗದು ಬಿಸಿಲಿಗೆ ಯಾಕ ಒಗದಿ? ಬಾಯಿಗೆ ಬಂದಂಗ ಬೈಯ್ಯಾಕತ್ತಿದ್ದಿ."

ನೀಲವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹಾಂ. ಈಗ ಹೇಳ್ರಿ."

ಅಜ್ಜ ಬದುವಿನ ಕಡೆ ನೋಡಿದ. ಒಣಗುತ್ತ ಬಿದ್ದ ಕರಿಕೆಯ ಗುಡ್ಡೆ ಇವರಿಗೆಲ್ಲ ಕಾಣುವಷ್ಟು ದೊಡ್ಡದಿತ್ತು.

"ಬಿಟ್ರ ಜ್ವಾಳಾ ತಿಂತೈತಿ," ಎಂದ ಕಡೆಗೆ. ದನಿ ಸಣ್ಣದಾಗಿತ್ತು. "ಐವತ್ತು ವರ್ಷ ಆತು ಅಗಿಯಾಕತ್ತು. ಒಂದು ವರ್ಷನೂ ಗೆದ್ದಿಲ್ಲ."

ಎರಡೂ ಹೆಗಲನ್ನು ಕಿವಿಯವರೆಗೆ ಎತ್ತಿ, ಇಳಿಸಿ, ಕಡಬಿಗೆ ಕೈ ಹಾಕಿದ.