ರೆಕ್ಕೆಯ ವಿಚಾರಣೆ

ಗೊದ್ದ ಇರುವೆಗಳ ಹೊಸ ಗೂಡೊಂದಕ್ಕೆ ಕಾವಲಿನ ಇರುವೆ ಓಡಿ ಬಂದು, "ಆಕಾಶದಲ್ಲಿ ಏನೋ ಹಾರಿ ಹೋಯಿತು. ಥೇಟ್ ನಮ್ಮ ಹಾಗೇ ಇತ್ತು, ರೆಕ್ಕೆ ಮಾತ್ರ ಹೆಚ್ಚಿಗೆ" ಎಂದಿತು. ಗೂಡಿಗೆ ಗೂಡೇ ಗಾಬರಿಯಾಯಿತು. ವಿಚಾರಣೆಯ ಹೊಣೆ ದಳಪತಿಯ ಹೆಗಲಿಗೆ ಬಿತ್ತು.

ದಳಪತಿ ಶಿಸ್ತಿನ ಇರುವೆ. ಮೂರು ದಿನ ಕೂತು ಕಾವಲಿನವರನ್ನು, ಕಾಳು ಹೊರುವವರನ್ನು, ಮೊಟ್ಟೆ ಕಾಯುವವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿತು. ರೆಕ್ಕೆಯ ಇರುವೆಯನ್ನು ಕಂಡವರು ಬೇರೆ ಯಾರೂ ಇರಲಿಲ್ಲ. ಕೊನೆಗೆ ತಾಯಿ ಇರುವೆಯ ಮುಂದೆ ನಿಂತು ವರದಿ ಒಪ್ಪಿಸಿತು: "ಇರುವೆ ಹಾರುವುದಿಲ್ಲ. ಆ ಕಾವಲಿನ ಇರುವೆ ಸುಳ್ಳು ಹೇಳಿ ಗೂಡನ್ನು ಹೆದರಿಸಿದೆ. ಹೊರಗೆ ಹಾಕಲು ಅಪ್ಪಣೆಯಾಗಲಿ."

"ಎಲ್ಲರನ್ನೂ ಕೇಳಿದೆಯಾ?"

"ಒಬ್ಬರನ್ನೂ ಬಿಟ್ಟಿಲ್ಲ, ತಾಯಿ."

"ನನ್ನನ್ನು ಕೇಳಲಿಲ್ಲವಲ್ಲ."

ದಳಪತಿ ತಡವರಿಸಿತು. "ತಾವು ಈ ಕೋಣೆ ಬಿಟ್ಟು ಹೋದವರೇ ಅಲ್ಲ. ಹೊರಗಿನದು ತಮಗೇನು ಗೊತ್ತಿರುತ್ತದೆ ಅಂದುಕೊಂಡೆ."

"ಹತ್ತಿರ ಬಾ. ನನ್ನ ಬೆನ್ನು ಮುಟ್ಟಿ ನೋಡು."

ದಳಪತಿ ಮೀಸೆ ಚಾಚಿ ಮುಟ್ಟಿತು. ನಾಲ್ಕು ಮೋಟುಗಳು ತಾಗಿದವು.

"ಈ ನೆಲಕ್ಕೆ ನಾನು ಹಾರಿಕೊಂಡೇ ಬಂದೆ" ಎಂದಿತು ತಾಯಿ. "ಮಣ್ಣು ತೋಡುವಾಗ ರೆಕ್ಕೆ ಅಡ್ಡ ಬಂದವು. ನಿಮಗೊಂದು ಗೂಡಾಗಲಿ ಅಂತ ನಾನೇ ಕಿತ್ತು ಹಾಕಿದೆ."

ದಳಪತಿ ಬಾಗಿಲಿಗೆ ಬಂದು, ಶಿಕ್ಷೆಗೆ ಕಾದು ನಿಂತಿದ್ದ ಕಾವಲಿನ ಇರುವೆಗೆ ಹೇಳಿತು: "ನಿನ್ನ ಜಾಗಕ್ಕೆ ಹೋಗು. ಇನ್ನೊಮ್ಮೆ ಕಂಡರೆ ನನಗೆ ಹೇಳಬೇಡ, ಮೊದಲು ಅಮ್ಮನಿಗೆ ಹೇಳು."